ಅಲ್ಪವಿರಾಮಣ್ಣ ಮತ್ತು ಮೊದಲ ಬಹುಮಾನದ ಸಾಲು

ಲಾಟರಿಯ ದೊಡ್ಡ ಬಹುಮಾನ ಹೊಡೆದು ಯಾರಿಗೂ ಹೇಳದೆ ಕೂತ ಮನುಷ್ಯನನ್ನು ನಮ್ಮ ಊರು ತಿಂಗಳುಗಟ್ಟಲೆ ಹುಡುಕಿತು. ಆ ಮನುಷ್ಯ ಯಾರೆಂದು ನನಗೆ ಗೊತ್ತು. ಇಪ್ಪತ್ತೆರಡು ವರ್ಷ ನನ್ನೆದುರಿನ ಕುರ್ಚಿಯಲ್ಲೇ ಕೂತಿದ್ದವರು. ಇಲ್ಲಿ ‘ಅವರು’ ಎಂದೇ ಬರೆಯುತ್ತೇನೆ. ಬಾಯಲ್ಲಿ ಏನೇನೋ ಬರುತ್ತದೆ, ಅದು ಬೇರೆ ಮಾತು. ನನ್ನ ಬಾಯಿ ಜೋರು ಎಂದು ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಿದ್ದರು. ಆ ಜೋರು ಬಾಯಿಯೇ ನನ್ನ ಹೊಟ್ಟೆಪಾಡಾಗಿತ್ತು, ಏನು ಮಾಡುವುದು?

ನಾವಿಬ್ಬರೂ ಒಂದು ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆವು. ಪುಟ ಅಚ್ಚಿಗೆ ಹೋಗುವ ಮೊದಲು ಒಬ್ಬರು ಮೂಲ ಬರಹವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪಾಗಿ ಬಂದ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯಬೇಕು. ಓದುವವಳು ನಾನು, ನೋಡುವವರು ಅವರು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನಾನು ಬಾಯಿ ಮುಚ್ಚುತ್ತಿರಲಿಲ್ಲ, ಅವರು ಬಾಯಿ ತೆರೆಯುತ್ತಿರಲಿಲ್ಲ. ಸಾಲು ಮುಗಿದಾಗ ಒಂದು ‘ಹ್ಞೂಂ’, ಅಷ್ಟೇ. ಕಚೇರಿಯವರು ನನಗೆ ರೇಡಿಯೋ ಎಂದು ಹೆಸರಿಟ್ಟಿದ್ದರು, ಅವರಿಗೆ ಅಲ್ಪವಿರಾಮಣ್ಣ ಎಂದು. ಕರಡಿನ ಮೇಲೆ ಬಗ್ಗಿ ಬಗ್ಗಿ ಅವರ ಬೆನ್ನು ಹಾಗೆಯೇ ಬಾಗಿ ಉಳಿದಿತ್ತು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಕಣ್ಣಿದ್ದವರು ಅನ್ನಬೇಕು.

ಅವರು ನನಗಿಂತ ಎಂಟು ವರ್ಷ ದೊಡ್ಡವರು. ನಾನು ‘ಅಣ್ಣ’ ಎನ್ನುತ್ತಿದ್ದೆ, ಅವರು ನನ್ನನ್ನು ‘ತಾಯೀ’ ಎನ್ನುತ್ತಿದ್ದರು.

“ನಿಧಾನ ತಾಯೀ. ನಿಮ್ಮ ಬಾಯಿಗೆ ಚಕ್ರ ಇದೆ, ನನ್ನ ಕಣ್ಣು ನಡ್ಕೊಂಡೇ ಬರ್ಬೇಕು.”

“ಹಾಗಾದ್ರೆ ಕಣ್ಣಿಗೆ ಒಂದು ಸೈಕಲ್ ಕೊಡ್ಸಿ ಅಣ್ಣ.”

ನಮ್ಮ ತಮಾಷೆ ಎಂದರೆ ಇಷ್ಟೇ. ಆದರೂ ನನ್ನ ಗಂಡನೆದುರು ಕೂತದ್ದಕ್ಕಿಂತ ಹೆಚ್ಚು ಹೊತ್ತು ಅವರೆದುರು ಕೂತಿದ್ದೇನೆ. ನನಗೆ ನೆಗಡಿ ಬರುವುದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. “ಇವತ್ತು ಮಕಾರ ಎಲ್ಲಾ ಬಕಾರ ಆಗಿದೆ,” ಎಂದು ಎದ್ದು ಹೋಗಿ ಬಿಸಿನೀರು ತಂದಿಡುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಗಡಿಯಾರ ರಿಪೇರಿ ಅಂಗಡಿಯ ಮೇಲೆ, ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಒಬ್ಬಳೇ ಮಗಳು, ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಭಾನುವಾರ ಬೆಳಿಗ್ಗೆ ಅವಳ ಫೋನ್ ಬರುತ್ತಿತ್ತು. ಸೋಮವಾರ ನನಗೆ ಅದರ ವರದಿ ಸಿಗುತ್ತಿತ್ತು: ಮೊಮ್ಮಗನಿಗೆ ಹಲ್ಲು ಬಂತು, ಹಲ್ಲು ಬಿತ್ತು, ಶಾಲೆಗೆ ಹೋದ, ಶಾಲೆಯಿಂದ ಓಡಿಬಂದ.

ಸಂಖ್ಯೆಗಳಿಗೆ ಮಾತ್ರ ನಮ್ಮಲ್ಲಿ ಬೇರೆ ಕಟ್ಟಳೆ ಇತ್ತು. ಪದ ತಪ್ಪಾದರೆ ಓದುಗರು ಹೇಗೋ ಊಹಿಸಿಕೊಳ್ಳುತ್ತಾರೆ, ಅಂಕಿ ತಪ್ಪಾದರೆ ಊಹಿಸಿಕೊಳ್ಳುವುದು ಎಲ್ಲಿಂದ? ಹಾಗಾಗಿ ಸಂಖ್ಯೆಗಳನ್ನು ಎರಡು ಸಲ ಓದಬೇಕಿತ್ತು. ಮೊದಲು ನೇರವಾಗಿ ಒಂದೊಂದೇ ಅಂಕಿ, ಆಮೇಲೆ ಕೊನೆಯಿಂದ ಹಿಂದಕ್ಕೆ. ನಾನು ಒಂದು ಅಂಕಿ ಹೇಳಿದರೆ ಅವರು ಪೆನ್ಸಿಲ್ ತುದಿಯಿಂದ ಆ ಅಂಕಿಯನ್ನು ಮುಟ್ಟುತ್ತಿದ್ದರು. ಟಕ್ ಎಂದು ಸಣ್ಣ ಸದ್ದು. ಎರಡೂ ಓದು ಮುಗಿದ ಮೇಲೆ ಪುಟದ ಕೆಳಗೆ ಇಬ್ಬರದೂ ಸಹಿ. ಎರಡನೇ ಓದು ಬಿಟ್ಟರೆ ಕೆಲಸಕ್ಕೇ ಸಂಚಕಾರ. ಅದು ಕಚೇರಿಗೆ ಸೇರಿದ ದಿನವೇ ಹೇಳಿಬಿಡುತ್ತಿದ್ದ ಮಾತು.

ಲಾಟರಿ ಫಲಿತಾಂಶದ ಪುಟ ವಾರಕ್ಕೊಮ್ಮೆ ಬರುತ್ತಿತ್ತು. ಸಾಲು ಸಾಲು ಅಂಕಿ, ಓದಿ ಓದಿ ನನ್ನ ಗಂಟಲು ಒಣಗುತ್ತಿತ್ತು. ಅಲ್ಪವಿರಾಮಣ್ಣ ಪ್ರತಿ ಶುಕ್ರವಾರ ಕಚೇರಿಯೆದುರಿನ ಗೂಡಂಗಡಿಯಲ್ಲಿ ಒಂದೇ ಒಂದು ಚೀಟಿ ಕೊಳ್ಳುತ್ತಿದ್ದರು. ಯಾಕಣ್ಣಾ ಎಂದರೆ, “ಪುಟ ಓದುವಾಗ ನಿದ್ದೆ ಬರಬಾರ್ದಲ್ಲ ತಾಯೀ, ಅದಕ್ಕೆ,” ಎನ್ನುತ್ತಿದ್ದರು. ನಮ್ಮಲ್ಲಿ ಅರ್ಧ ಜನ ಅಲ್ಲೇ ಚೀಟಿ ಕೊಳ್ಳುತ್ತಿದ್ದರು. ಊರಿಗಿಂತ ಎರಡು ಗಂಟೆ ಮೊದಲೇ ನಮಗೆ ಫಲಿತಾಂಶ ಗೊತ್ತಾಗುತ್ತಿತ್ತು, ಸೋತದ್ದೂ ಎರಡು ಗಂಟೆ ಮೊದಲೇ ಗೊತ್ತಾಗುತ್ತಿತ್ತು.

ಆ ದಿನ ಫಲಿತಾಂಶ ತಡವಾಗಿ ಬಂತು. ಫೋನಿನಲ್ಲಿ ಕೇಳಿ ಬರೆದುಕೊಳ್ಳುವವರ ಕೈಬರಹ ನನಗೆ ಅಂಗೈ ಗೆರೆಯಷ್ಟು ಪರಿಚಯ. ಅವರ ಒಂದಕ್ಕೆ ತಲೆಯ ಮೇಲೆ ಕೊಕ್ಕೆ ಇರುತ್ತದೆ, ಏಳರ ಹಾಗೇ ಕಾಣುತ್ತದೆ. ಆದರೆ ಅವರ ಏಳಕ್ಕೆ ಸೊಂಟದಲ್ಲಿ ಒಂದು ಅಡ್ಡಗೆರೆ ಇರುತ್ತದೆ. ಹೊಸಬರಿಗೆ ಇದು ಗೊತ್ತಾಗದು. ಟೈಪ್ ಮಾಡಿದವರು ಹೊಸಬರು. ನಾನು ಮೊದಲ ಬಹುಮಾನದ ಸಾಲು ಓದಿದೆ: ನಾಲ್ಕು, ಸೊನ್ನೆ, ಒಂಬತ್ತು, ಒಂದು, ಮೂರು, ಆರು.

ಟಕ್ ಸದ್ದು ಬರಲಿಲ್ಲ. ‘ಹ್ಞೂಂ’ ಮಾತ್ರ ಬಂತು, ಅದೂ ಸ್ವಲ್ಪ ತಡವಾಗಿ. ಪೆನ್ಸಿಲ್ ಮೊನೆ ಮುರಿದಿರಬೇಕು ಎಂದುಕೊಂಡು ನಾನು ಮುಂದಿನ ಸಾಲಿಗೆ ಹೋದೆ. ಪುಟ ಮುಗಿದು ಹಿಂದಿನಿಂದ ಶುರು ಮಾಡಬೇಕು ಅನ್ನುವಷ್ಟರಲ್ಲಿ ಅವರು ಎದ್ದು ನಿಂತರು. ಮುಖ ಬಿಳುಚಿಕೊಂಡಿತ್ತು.

“ಸರಿ ಇದೆ ತಾಯೀ, ಸಹಿ ಹಾಕ್ಬಿಡಿ. ನನಗೆ ಹೊಟ್ಟೆ ತೊಳಸ್ತಿದೆ.”

“ಎರಡನೇ ಓದು?”

“ನಾನು ನೋಡಿದೀನಿ. ಸರಿ ಇದೆ.”

ಇಪ್ಪತ್ತೆರಡು ವರ್ಷದಲ್ಲಿ ಆ ಕಣ್ಣು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಸಹಿ ಹಾಕಿದೆ. ಅವರೂ ಸಹಿ ಹಾಕಿ, ಬಚ್ಚಲ ಕಡೆ ಓಡಿದರು. ಪುಟ ಅಚ್ಚಿಗೆ ಹೋಯಿತು, ಒಂದು ಇದ್ದ ಕಡೆ ಏಳು ಕೂತುಕೊಂಡು.

ಸಂಜೆ ಐದಕ್ಕೆ ಒಬ್ಬ ಗೋಡೆಗೆ ಬಣ್ಣ ಬಳಿಯುವವನು ಪತ್ರಿಕೆ ಹಿಡಿದುಕೊಂಡು ಕಚೇರಿಗೇ ಬಂದುಬಿಟ್ಟ. ಅವನ ಚೀಟಿಯಲ್ಲಿ ಏಳಿತ್ತು. ಮೈಯೆಲ್ಲ ಸುಣ್ಣ, ಕಣ್ಣಲ್ಲಿ ನೀರು, ಸಿಕ್ಕಸಿಕ್ಕವರ ಕೈ ಹಿಡಿದು ಕುಣಿದ. ಕಾಗದದ ಬುಟ್ಟಿ ಖಾಲಿ ಮಾಡುವವರನ್ನೂ ಬಿಡಲಿಲ್ಲ. ಅವನ ಫೋಟೋನೂ ತೆಗೆದಾಯಿತು. ಅಷ್ಟರಲ್ಲಿ ಲಾಟರಿ ಕಚೇರಿಯಿಂದ ಫೋನ್ ಬಂತು, ನೀವು ಹಾಕಿದ ಸಂಖ್ಯೆ ತಪ್ಪು ಎಂದು. ಆ ಮನುಷ್ಯನಿಗೆ ಅದನ್ನು ಹೇಳಿದವರು ನಮ್ಮ ಸಂಪಾದಕರು. ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದ. ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಇನ್ನೊಂದು ಸುದ್ದಿ. ನಿಜವಾದ ಬಹುಮಾನದ ಚೀಟಿ ಮಾರಾಟವಾದದ್ದು ನಮ್ಮೆದುರಿನ ಗೂಡಂಗಡಿಯಲ್ಲೇ! ಬಿದ್ದಿತಲ್ಲ ಬೆಂಕಿ. ಗೂಡಂಗಡಿಯವನು ಬಂದವರಿಗೆಲ್ಲ, “ನಿಮ್ಮ ಆಫೀಸಿನವರೇ ಯಾರೋ ತಗೊಂಡಿದ್ದು, ನಂಗೆ ಮುಖ ಜ್ಞಾಪಕ ಬರ್ತಿಲ್ಲ,” ಎಂದು ಹೇಳತೊಡಗಿದ. ಕಚೇರಿಯಲ್ಲಿ ಎಲ್ಲರೂ ಎಲ್ಲರನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಯಾರಾದರೂ ಹೊಸ ಅಂಗಿ ಹಾಕಿದರೆ ಸಾಕು, “ಏನಪ್ಪಾ, ಹೊಡೀತಾ?” ಜಾಹೀರಾತಿನವರೊಬ್ಬರು ರಜೆ ಹಾಕಿದ್ದಕ್ಕೆ ಅವರ ಮನೆ ಮುಂದೆ ಸಂಬಂಧಿಕರು ಸೇರಿಬಿಟ್ಟರಂತೆ. ಪಾಪ, ಅವರಿಗೆ ಭೇದಿ ಹಿಡಿದಿತ್ತು.

ಇಂಥ ಹೊತ್ತಿನಲ್ಲಿ ನಮ್ಮಿಬ್ಬರ ವಿಚಾರಣೆ. ಸಂಪಾದಕರ ಕೋಣೆ, ನಮ್ಮ ವಿಭಾಗದ ಮುಖ್ಯಸ್ಥರು, ಮೇಜಿನ ಮೇಲೆ ಆ ಕೈಬರಹದ ಹಾಳೆ ಮತ್ತು ಕರಡು. ಮುಖ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ: ಓದಿದ್ದು ತಪ್ಪೋ, ನೋಡಿದ್ದು ತಪ್ಪೋ?

“ನಾನು ಒಂದು ಅಂತಲೇ ಓದಿದೆ,” ಎಂದೆ. “ಆ ಸಾಲಿಗೆ ಪೆನ್ಸಿಲ್ ಸದ್ದು ಕೇಳಿಸ್ಲಿಲ್ಲ.”

“ಪೆನ್ಸಿಲ್ ಸದ್ದು ಕೇಳ್ಕೊಂಡು ಪತ್ರಿಕೆ ನಡೆಸೋಕ್ಕಾಗುತ್ತೇನಮ್ಮಾ? ಟೈಪ್ ಮಾಡಿದವರಿಗೂ ಏಳು ಅಂತ ಕಂಡಿದೆ. ನಿಮಗೂ ಹಾಗೇ ಕಂಡಿರುತ್ತೆ.” ಮುಖ್ಯಸ್ಥರು ನನ್ನತ್ತ ಬಾಗಿದರು. “ಎರಡನೇ ಓದು ಆಯ್ತಾ?”

ನಾನು ಅಲ್ಪವಿರಾಮಣ್ಣನ ಕಡೆ ನೋಡಿದೆ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಎರಡನೇ ಓದು ಬೇಡವೆಂದವರು ಅವರು. ಹೇಳಿದರೆ ಅವರ ಕೆಲಸ ಹೋಗುತ್ತದೆ, ಆ ವಯಸ್ಸಿನಲ್ಲಿ ಅವರಿಗೆ ಇನ್ಯಾರು ಕೆಲಸ ಕೊಡುತ್ತಾರೆ? ನಾನು, “ಆಯ್ತು,” ಎಂದೆ.

“ಅಂದ್ರೆ ಎರಡು ಸಲವೂ ತಪ್ಪು ಓದಿದ್ರಿ.”

ಹೀಗಾಯಿತು ನೋಡಿ. ನನ್ನ ಕೈಯಾರೆ ನಾನೇ ಹಳ್ಳ ತೋಡಿಕೊಂಡೆ. ಮುಖ್ಯಸ್ಥರು ಅವರನ್ನೂ ಕೇಳಿದರು. ಅವರು ತಲೆಯೆತ್ತದೆ, “ನನಗೆ ಏನೂ ಹೇಳೋಕ್ಕೆ ತೋಚ್ತಿಲ್ಲ ಸಾರ್,” ಎಂದರು. ಅಷ್ಟೇ. ತಪ್ಪಾಯ್ತು ಅಂದಿದ್ದರೆ ಸಾಕಿತ್ತು, ಒಂದೇ ಒಂದು ಮಾತು. ಅಂದಿನ ಸಂಜೆ ತಿದ್ದುಪಡಿ ಬಂತು: ‘ಓದುವ ಸಿಬ್ಬಂದಿಯ ಅಚಾತುರ್ಯದಿಂದ’ ಎಂದು. ಓದುವ ಸಿಬ್ಬಂದಿ ಅಂದರೆ ಇಡೀ ಕಚೇರಿಯಲ್ಲಿ ನಾನೊಬ್ಬಳೇ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ದೊಡ್ಡ ಉಪಕಾರ! ನೆಲಮಾಳಿಗೆಗೆ ಕಳಿಸಿದರು, ಪತ್ರಿಕೆಯ ಕಟ್ಟುಗಳಿಗೆ ವಿಳಾಸದ ಚೀಟಿ ಅಂಟಿಸುವ ಕೆಲಸಕ್ಕೆ. ಟ್ಯೂಬ್‌ಲೈಟು, ಗೋಂದಿನ ವಾಸನೆ, ಯಂತ್ರದ ಗದ್ದಲ. ಅಲ್ಲಿ ಬಾಯಿ ತೆರೆಯುವ ಅಗತ್ಯವೇ ಇಲ್ಲ, ತೆರೆದರೂ ಯಾರಿಗೂ ಕೇಳಿಸದು. ರೇಡಿಯೋ ಆಫ್ ಆಯಿತು ಎಂದು ಮೇಲಿನವರು ನಕ್ಕರಂತೆ. ನನ್ನ ಗಂಡ, “ಸಂಬಳ ಅಷ್ಟೇ ಬರ್ತಿದೆಯಲ್ಲ, ಯಾಕೆ ತಲೆ ಕೆಡಿಸ್ಕೊಳ್ತೀಯ,” ಎಂದರು. ಸಂಬಳದ ಮಾತಲ್ಲ ಅದು. ನನಗೇ ಅನುಮಾನ ಶುರುವಾಗಿತ್ತು. ನಿಜವಾಗಿ ಏಳು ಅಂತಲೇ ಓದಿದೆನೇ? ನನ್ನ ಕಣ್ಣಿಗೆ ಒಂದು ಅಂತ ಕಂಡು, ಬಾಯಲ್ಲಿ ಏಳು ಬಂತೇ? ಅಂಗಡಿಯಲ್ಲಿ ಔಷಧಿ ಡಬ್ಬಿಯ ತಾರೀಖನ್ನು ಮೂರು ಮೂರು ಸಲ ಓದುತ್ತಿದ್ದೆ. ಬಸ್ಸಿನ ನಂಬರನ್ನು ಪಕ್ಕದವರನ್ನು ಕೇಳಿ ಹತ್ತುತ್ತಿದ್ದೆ. ಮನೆಯವರಿಗೆ ಪತ್ರ ಓದಿ ಹೇಳುವುದನ್ನೂ ಬಿಟ್ಟೆ. ಮೂರು ವರ್ಷ ನನ್ನ ಬಾಯಿಯನ್ನು ನಾನೇ ನಂಬಲಿಲ್ಲ.

ಆ ಮೂರು ವರ್ಷ ಅಲ್ಪವಿರಾಮಣ್ಣ ಒಂದು ಸಲವೂ ಮೆಟ್ಟಿಲಿಳಿದು ಬರಲಿಲ್ಲ. ಗೇಟಿನ ಬಳಿ ಎದುರಾದರೆ, “ಚೆನ್ನಾಗಿದೀರಾ ತಾಯೀ,” ಎಂದು ನೆಲ ನೋಡಿಕೊಂಡು ಹೋಗುತ್ತಿದ್ದರು. ನನ್ನ ತಪ್ಪಿನಿಂದ ಅವರ ಮುಖಕ್ಕೂ ಮಸಿ ಬಳಿದಂತಾಯಿತಲ್ಲ, ಅದಕ್ಕೇ ಹಾಗೆ ಇರಬೇಕು ಎಂದು ನಾನೇ ಒಳಗೊಳಗೆ ಕುಗ್ಗುತ್ತಿದ್ದೆ. ಎಂಥ ಪೆದ್ದಿ ನಾನು.

ಅವರು ನಿವೃತ್ತಿಯಾಗಲು ಒಂದು ವಾರವಿತ್ತು. ಮಧ್ಯಾಹ್ನ ಯಂತ್ರ ನಿಂತು, ಉಳಿದವರು ಊಟಕ್ಕೆ ಹೋಗಿದ್ದರು. ಅವರು ಎರಡು ಲೋಟ ಚಹಾ ಹಿಡಿದು ನೆಲಮಾಳಿಗೆಗೆ ಬಂದರು. ಒಂದನ್ನು ನನ್ನ ಮುಂದಿಟ್ಟರು. ಕಟ್ಟಿನ ಮೇಲೆ ಕೂತು, ಕುಶಲ ಕೇಳದೆ, ಒಂದೇ ಉಸಿರಿಗೆ ಹೇಳಿದರು:

“ನೀವು ಸರಿಯಾಗೇ ಓದಿದ್ರಿ ತಾಯೀ. ಒಂದು ಅಂತಲೇ ಓದಿದ್ರಿ. ಆ ನಂಬರು ನಂದು.”

ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಸರಿಯಾಗಿ ಓದಿದ್ದೆ! ಆ ಒಂದು ಮಾತಿಗೆ ಅಲ್ಲೇ, ಗೋಂದಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಬಹುಮಾನದ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಅವರು ಎಲ್ಲ ಹೇಳಿದರು. ಚೀಟಿಯ ಸಂಖ್ಯೆ ಅವರಿಗೆ ಬಾಯಿಪಾಠವಾಗಿತ್ತು. ನನ್ನ ಬಾಯಿಂದ ಅದು ಒಂದೊಂದೇ ಅಂಕಿಯಾಗಿ ಹೊರಬೀಳುತ್ತಿದ್ದಂತೆ ಕೈಕಾಲು ತಣ್ಣಗಾಯಿತಂತೆ. ಕಿವಿ ಕೇಳಿದ್ದನ್ನೇ ಕಣ್ಣು ನೋಡಿತೆಂದುಕೊಂಡು ‘ಹ್ಞೂಂ’ ಅಂದರಂತೆ. ಕರಡಿನ ಮೇಲೆ ಏನಿತ್ತೆಂದು ನೋಡಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ತಮ್ಮ ಸಂಖ್ಯೆ ಅಚ್ಚಾಗಿದೆಯೇ ಎಂದು ನೂರು ಸಲ ನೋಡುತ್ತಿದ್ದರು. ಇವರಿಗೆ ಕೇಳಿದರೆ ಸಾಕು, ನನ್ನ ಓದಿನ ಮೇಲೆ ಅಷ್ಟು ನಂಬಿಕೆ!

“ವಿಚಾರಣೆ ದಿನ ಒಂದು ಮಾತು ಹೇಳ್ಬೋದಿತ್ತಲ್ಲ ಅಣ್ಣ. ಕಣ್ಣು ತಪ್ಪಿತು ಅಂತ.”

“ಇನ್ನೂರು ಸಾಲಲ್ಲಿ ಅದೊಂದೇ ಸಾಲಿಗೆ ಯಾಕೆ ತಪ್ಪಿತು ಅಂತ ಕೇಳ್ತಿದ್ರು. ಆ ದಿನಗಳು ಹೇಗಿದ್ವು ನಿಮಗೇ ಗೊತ್ತು. ಬಾಯಿ ಬಿಟ್ಟಿದ್ರೆ ಸಂಜೆ ಹೊತ್ತಿಗೆ ನನ್ನ ಫೋಟೋ ಮುಖಪುಟದಲ್ಲಿ ಇರ್ತಿತ್ತು.”

ಆ ಮುಖಪುಟಗಳನ್ನು ತಿದ್ದಿದವರೇ ಅವರಲ್ಲವೇ? ಬಹುಮಾನ ಬಂದವರ ನಗುವ ಫೋಟೋ ಇವತ್ತು, ಅವರ ಅಣ್ಣತಮ್ಮಂದಿರ ಜಗಳ ಮುಂದಿನ ವರ್ಷ, ಅದರ ಮುಂದಿನ ವರ್ಷ ಒಳಪುಟದಲ್ಲಿ ನಾಲ್ಕು ಸಾಲಿನ ಸಾವಿನ ಸುದ್ದಿ. ಎಲ್ಲಕ್ಕೂ ಅಲ್ಪವಿರಾಮ, ಪೂರ್ಣವಿರಾಮ ಇಟ್ಟು ಕಳಿಸಿದ್ದರು. ಆದರೆ ಅವರ ನಿಜವಾದ ಹೆದರಿಕೆ ಅದೂ ಅಲ್ಲ.

“ಮಗಳು ಭಾನುವಾರ ಫೋನ್ ಮಾಡ್ತಾಳೆ. ಇಷ್ಟು ವರ್ಷ ಅಪ್ಪ ಅಂತ ಮಾಡಿದಾಳೆ, ನನ್ನ ಹತ್ರ ಏನೂ ಇಲ್ಲ ಅಂತ ಗೊತ್ತಿದ್ದೂ. ದುಡ್ಡಿದೆ ಅಂತ ಗೊತ್ತಾದ ಮೇಲೆ ಯಾಕೆ ಮಾಡ್ತಾಳೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ? ಅವಳು ಒಳ್ಳೆಯವಳೇ. ನಂಗೇ ಅನುಮಾನ ಬಂದ್ಬಿಡುತ್ತಲ್ಲ.”

ಹಲ್ಲು ಕೀಳಿಸಬೇಕೆಂದು ರಜೆ ಹಾಕಿ, ಲಾಟರಿ ಕಚೇರಿಯಲ್ಲಿ ಹೆಸರು ಹೊರಗೆ ಬಿಡಬೇಡಿ ಎಂದು ಬರೆದುಕೊಟ್ಟು, ಹಣವನ್ನು ಬೇರೆ ಊರಿನ ಬ್ಯಾಂಕಿನಲ್ಲಿ ಇಟ್ಟು ಬಂದಿದ್ದರು. ಹಲ್ಲಿಗೆ ಏನೂ ಆಗಿರಲಿಲ್ಲ. ವಾಪಸ್ ಬಂದು ಒಂದು ವಾರ ದವಡೆಗೆ ಹತ್ತಿ ಒತ್ತಿಕೊಂಡು ಗಂಜಿ ಕುಡಿದರಂತೆ, ಯಾರಿಗೂ ಅನುಮಾನ ಬರಬಾರದೆಂದು. ಒಂದು ಜೊತೆ ಒಳ್ಳೆಯ ಬೂಟು ಕೊಂಡರು. ಕೋಣೆಯೊಳಗೆ ಹಾಕಿಕೊಂಡು ನಡೆದರೆ ಕೆಳಗಿನ ಮಹಡಿಯವರು, “ಯಾರೋ ನೆಂಟರು ಬಂದ ಹಾಗಿತ್ತು,” ಎಂದರಂತೆ. ಬೂಟು ಮಂಚದ ಕೆಳಗೆ ಸೇರಿತು. ಮೊಮ್ಮಗನ ಶಾಲೆಗೆ ಸ್ವಲ್ಪ ದುಡ್ಡು ಬೇಕಿತ್ತಪ್ಪ ಎಂದು ಮಗಳು ಕೇಳಿದಾಗ, “ಮುಂದಿನ ತಿಂಗಳು ನೋಡೋಣ ಕಂದಾ,” ಎಂದಿದ್ದರು. ಒಂದೇ ಸಲಕ್ಕೆ ಕೊಟ್ಟರೆ ಎಲ್ಲಿಂದ ಬಂತು ಎನ್ನುತ್ತಾಳಲ್ಲ! ಅವಳು ಬಳೆ ಅಡವಿಟ್ಟಳು.

ಚಹಾಕ್ಕೆ ಎಲ್ಲರ ಜೊತೆ ಹೋಗುವುದನ್ನು ಬಿಟ್ಟರು. ಯಾರಾದರೂ, ‘ನಂಗೆ ಅಷ್ಟು ದುಡ್ಡು ಬಂದಿದ್ರೆ’ ಎಂದು ಶುರು ಮಾಡಿದರೆ ಲೋಟ ಇಟ್ಟು ಎದ್ದುಬಿಡಬೇಕು ಅನಿಸುತ್ತಿತ್ತಂತೆ. ಚೀಟಿ ಕೊಳ್ಳುವುದನ್ನು ಬಿಟ್ಟರೆ ಗೂಡಂಗಡಿಯವನಿಗೆ ಹೊಳೆದುಬಿಡುತ್ತದೆಂದು ಪ್ರತಿ ಶುಕ್ರವಾರ ಕೊಳ್ಳುತ್ತಲೇ ಇದ್ದರು. ಅದರ ಮೇಲೆ ಇನ್ನೊಂದು ಭಯ, ಎಲ್ಲಿ ಮತ್ತೆ ಹೊಡೆದುಬಿಡುತ್ತದೋ ಎಂದು. ಇದನ್ನು ಕೇಳಿ ನನಗೆ ಅಳುವಿನ ನಡುವೆಯೂ ನಗು ಬಂತು. ಅವರೂ ನಕ್ಕರು. ನಕ್ಕು, “ಮೂರು ವರ್ಷದಿಂದ ಯಾರ ಹತ್ರಾನೂ ಒಂದು ನಿಜವಾದ ಮಾತಾಡಿಲ್ಲ ತಾಯೀ. ಹಗುರಾಯ್ತು,” ಎಂದರು.

ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು.

“ನಿಮಗೆ ಹಗುರಾಯ್ತು! ನನ್ನ ಕಥೆ? ಮೂರು ವರ್ಷ ಈ ಗೂಡಲ್ಲಿ ಗೋಂದು ಹಚ್ಚಿದೀನಿ. ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು. ನೀವು ಮೇಲೆ ಕೂತು ಸುಮ್ಮನಿದ್ರಿ. ಎರಡನೇ ಓದು ಆಯ್ತು ಅಂತ ನಾನು ಸುಳ್ಳು ಹೇಳಿದ್ದು ಯಾರಿಗೋಸ್ಕರ?”

ಅವರು ತಲೆ ತಗ್ಗಿಸಿದರು. “ಏನು ಬೇಕಾದ್ರೂ ಕೇಳಿ. ಅರ್ಧ ನಿಮ್ಮ ಹೆಸರಿಗೆ ಬರೀತೀನಿ.”

“ನಿಮ್ಮ ದುಡ್ಡು ನಿಮ್ಮ ಹತ್ರಾನೇ ಇರ್ಲಿ. ನಿಮ್ಮನ್ನ ಕಳಿಸಿಕೊಡೋ ದಿನ ಎಲ್ಲರೂ ಸೇರ್ತಾರಲ್ಲ, ಅಲ್ಲಿ ಹೇಳಿ. ಅವಳು ಸರಿಯಾಗಿ ಓದಿದ್ಲು ಅಂತ. ಯಾಕೆ ಅಂತ ಕೇಳಿದ್ರೆ ಅದನ್ನೂ ಹೇಳಿ. ಬ್ಯಾಂಕಿನ ಪುಸ್ತಕ ಜೇಬಲ್ಲಿ ಇಟ್ಕೊಂಡು ಬನ್ನಿ.”

ಅವರು ಲೋಟಗಳನ್ನು ಎತ್ತಿಕೊಂಡು ಮೆಟ್ಟಿಲವರೆಗೆ ಹೋದರು. ಆಮೇಲೆ, “ಹೇಳ್ತೀನಿ,” ಎಂದರು.

ಬೀಳ್ಕೊಡುಗೆಯ ದಿನ ಮೇಲಿನ ದೊಡ್ಡ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಬಿಸ್ಕತ್ತು, ಚಹಾ, ಉಡುಗೊರೆಗೆ ಒಂದು ಗೋಡೆ ಗಡಿಯಾರ. ಗಡಿಯಾರ ರಿಪೇರಿ ಅಂಗಡಿಯ ಮೇಲೆ ವಾಸವಿರುವವರಿಗೆ ಗಡಿಯಾರ! ನಾನು ಕೊನೆಯ ಸಾಲಿನಲ್ಲಿ ಕೂತೆ. ಮುಖ್ಯಸ್ಥರು ಮಾತಾಡಿದರು, ಸಂಪಾದಕರು ಮಾತಾಡಿದರು, ತಪ್ಪೇ ಮಾಡದ ಕಣ್ಣು ಎಂದರು. ಆಮೇಲೆ ಅಲ್ಪವಿರಾಮಣ್ಣ ಎದ್ದರು. ಬೆನ್ನು ನೆಟ್ಟಗೆ ಮಾಡಲು ನೋಡಿದರು, ಆಗಲಿಲ್ಲ.

“ನನ್ನ ಕಣ್ಣು ಒಂದು ಸಲ ತಪ್ಪಿದೆ,” ಎಂದರು. ಮಾತು ಸ್ಪಷ್ಟವಾಗಿತ್ತು. “ಆ ಲಾಟರಿ ಪುಟ. ಅವರು ಓದಿದ್ದು ಸರಿ. ಒಂದು ಅಂತಲೇ ಓದಿದ್ರು. ನಾನು ಕರಡು ನೋಡ್ಲಿಲ್ಲ. ಎರಡನೇ ಓದು ಬೇಡ ಅಂದವನೂ ನಾನೇ. ಯಾಕೆಂದ್ರೆ... ಆ ಚೀಟಿ ನನ್ನದು. ಬಹುಮಾನ ಬಂದಿದ್ದು ನನಗೆ.”

ಕೋಣೆ ಗಪ್‌ಚಿಪ್ಪಾಯಿತು. ಹಿಂದಿನಿಂದ ಯಾರೋ, “ಅಯ್ಯೋ ಅಣ್ಣಾ, ಮೊದ್ಲೇ ಹೇಳ್ಬಾರ್ದಾ, ಬಿಸ್ಕತ್ತಿಗೆ ನಾವ್ಯಾಕೆ ಚಂದಾ ಎತ್ತಿದ್ವಿ!” ಎಂದರು.

ಇಡೀ ಕೋಣೆ ಗೊಳ್ಳೆಂದಿತು. ಎಲ್ಲರ ಕಣ್ಣೂ ಅವರ ಸವೆದ ಕಾಲರಿನ ಮೇಲೆ, ಅದೇ ಹಳೇ ಚಪ್ಪಲಿಯ ಮೇಲೆ. ಹನ್ನೊಂದು ವರ್ಷದಿಂದ ಅವರು ಹಿಡಿದು ಬರುತ್ತಿದ್ದ ಕೊಡೆಯ ಮೇಲೆ. ನಕ್ಕು ನಕ್ಕು ಸಂಪಾದಕರ ಕಣ್ಣಲ್ಲಿ ನೀರು ಬಂತು. ಮುಖ್ಯಸ್ಥರು ಎದ್ದು ಅವರ ಹೆಗಲ ಮೇಲೆ ಕೈ ಹಾಕಿ, “ನೋಡಿ, ಎಂಥ ದೊಡ್ಡ ಮನಸ್ಸು. ಹೋಗೋ ದಿನವೂ ಜೊತೆಯವಳ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದಾರೆ,” ಎಂದರು. ಚಪ್ಪಾಳೆ ಬಿತ್ತು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ತಮಾಷೆ ಅಲ್ಲ ಅದು, ನಿಜ! ಅಣ್ಣ, ಪುಸ್ತಕ ತೆಗೀರಿ. ತೋರಿಸಿ ಇವರಿಗೆ!”

ಎಲ್ಲರೂ ತಿರುಗಿ ನನ್ನನ್ನು ನೋಡಿದರು, ಆಮೇಲೆ ಅವರನ್ನು. ಅವರ ಕೈ ಅಂಗಿಯ ಒಳಜೇಬಿಗೆ ಹೋಯಿತು. ಒಳಗೇ ನಿಂತಿತು. ನಾನು ನೋಡುತ್ತಲೇ ಇದ್ದೆ. ಕೈ ಹೊರಗೆ ಬಂದಾಗ ಅದರಲ್ಲಿ ಕರವಸ್ತ್ರವಿತ್ತು. ಕನ್ನಡಕ ಒರೆಸಿಕೊಂಡು, “ಏನು ತೋರಿಸ್ಲಿ ಬಿಡಿ ತಾಯೀ,” ಎಂದರು. ಎಂದು, ಎಲ್ಲರ ಜೊತೆ ಅವರೂ ನಕ್ಕರು.

ಪಕ್ಕದಲ್ಲಿ ಕೂತಿದ್ದ ಜಾಹೀರಾತಿನವರು ನನ್ನ ಸೆರಗು ಹಿಡಿದೆಳೆದು, “ಕೂತ್ಕೊಳ್ಳಿ ಅಕ್ಕಾ, ಪಾಪ,” ಎಂದರು. ಆ ‘ಪಾಪ’ ನನ್ನ ಎದೆಗೆ ಚುಚ್ಚಿತು. ಕೂತೆ.

ಬಸ್‌ಸ್ಟಾಪಿಗೆ ಅವರು ಹಿಂದೆಯೇ ಬಂದರು, ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು.

“ಕೈ ಬರ್ಲಿಲ್ಲ ತಾಯೀ.”

ನಾನು ಬಸ್ಸು ಬರುವ ದಾರಿ ನೋಡುತ್ತಿದ್ದೆ.

“ಅವರೆಲ್ಲ ನಗ್ತಿದ್ರು. ನನ್ನ ಜೊತೆ ಅವರು ಹಾಗೆ ನಕ್ಕಿದ್ದು ಎಷ್ಟು ವರ್ಷ ಆಗಿತ್ತು ಗೊತ್ತಾ? ಪುಸ್ತಕ ತೆಗೆದ್ರೆ ಆ ನಗು ಅಲ್ಲೇ ನಿಂತು ಹೋಗ್ತಿತ್ತು. ಅವರ ಮುಖ ಬದಲಾಗ್ತಿತ್ತು. ನಾನದನ್ನ ನೋಡೋಕ್ಕಾಗ್ತಿರ್ಲಿಲ್ಲ.”

“ನನ್ನ ಮುಖ ನೋಡಿದ್ರಾ ಅಣ್ಣ?”

ಅವರು ಗಡಿಯಾರವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. ಬಸ್ಸು ಬಂತು. ಹತ್ತುವ ಮೊದಲು ಹೇಳಿದೆ: “ನೀವು ಹೇಳಿದ್ದನ್ನ ಅಲ್ಲಿ ನಂಬಿದವಳು ನಾನೊಬ್ಬಳೇ. ಅದಕ್ಕೇ ಇನ್ನು ನಿಮ್ಮ ಹತ್ರ ಮಾತಾಡಲ್ಲ.”

“ನಿಜ ಗೊತ್ತಿರೋದು ನಿಮಗೊಬ್ಬರಿಗೇ. ನೀವೂ ಮಾತು ಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ?”

ನಾನು ಹತ್ತಿ ಕೂತೆ. ಕಿಟಕಿಯಿಂದ ನೋಡಬಾರದೆಂದುಕೊಂಡರೂ ನೋಡಿದೆ. ಅವರು ಅದೇ ಜಾಗದಲ್ಲಿ ಬಾಗಿಕೊಂಡು ನಿಂತಿದ್ದರು. ಅವರ ಬಸ್ಸು ಎದುರಿಗೇ ನಿಂತಿತ್ತು, ಅವರಿಗೆ ಅದರ ಗಮನವಿರಲಿಲ್ಲ.

ಈಗಲೂ ಅದೇ ಕೋಣೆಯಲ್ಲಿ ಇದ್ದಾರಂತೆ. ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ, ನಾನು ಎತ್ತುವುದಿಲ್ಲ. ಗಂಟೆ ನಿಂತ ಮೇಲೆ ಎತ್ತಬೇಕಿತ್ತೇನೋ ಅನಿಸುತ್ತದೆ, ಸುಳ್ಳು ಯಾಕೆ ಹೇಳಲಿ? ಇಪ್ಪತ್ತೆರಡು ವರ್ಷದ ಒಡನಾಟ. ಹೋದ ವಾರ ಗಂಟೆ ಬಹಳ ಹೊತ್ತು ಬಡಿಯಿತು. ನನ್ನ ಗಂಡ ಯಾರದೆಂದು ಕೇಳಿದರು. ತಡೆಯಲಾರದೆ ಎಲ್ಲವನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಒಂದು ಅಂಕಿಯನ್ನೂ ಬಿಡದೆ. ಗಂಡ ಪೂರ್ತಿ ಕೇಳಿದರು. ಕೇಳಿ, ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

“ಒಳ್ಳೆ ಮನುಷ್ಯ ಕಣೇ. ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹಾಗೆ ಹೇಳಿದಾರೆ. ಆಗಿದ್ದು ಆಗೋಯ್ತು. ತಪ್ಪು ಯಾರು ಓದಲ್ಲ ಹೇಳು?”